ಮೊಳೆ

ಸಂಕ್ರಾಂತಿ ಕಳೆದ ಮೊದಲ ಶನಿವಾರ
ಹನ್ನೊಂದು ಜನ ಬಂದರು. ಒಬ್ಬರ ಕೈಯಲ್ಲಿ ಹಾರೆ,
ಉಳಿದವರ ಕೈಯಲ್ಲಿ ಮೊಬೈಲು.
ಫೋಟೋ ಆಯಿತು. ನಾನು ಚಹಾ ಕೊಟ್ಟೆ.
ಎರಡನೇ ಶನಿವಾರಕ್ಕೆ ಮೂವರು:
ಎರಕದ ಮನೆಯಲ್ಲಿ ಮೂವತ್ತೆರಡು ವರ್ಷ ಬೆವರಿದ ಪಳನಿಯಪ್ಪ,
ಹೂ ಕಟ್ಟುವ ಚಾಂದಬೀ,
ಕರೆದರೂ ಕರೆಯದಿದ್ದರೂ ಬರುವ ಗ್ಯಾರೇಜಿನ ಲೋಕಪ್ಪ.

ನಾನು ಈ ಶಾಲೆಗೆ ಅನ್ನ ಬೇಯಿಸುವವಳು.
ತೋಟ ನನ್ನ ಕೆಲಸವಲ್ಲ.
ಅಡುಗೆಮನೆ ಕಿಟಕಿಯಿಂದ ಕಾಣುತ್ತದೆ, ಅಷ್ಟೇ.

ಭದ್ರಾವತಿಯ ಈ ಮೂಲೆಯಲ್ಲಿ
ಒಂದು ಗೇಣು ಅಗೆದರೆ ಮಣ್ಣು ಮುಗಿದು ಕಿಟ್ಟ.
ಕಪ್ಪು, ನೀಲಿ, ಹಳಸಿದ ಇಡ್ಲಿಯ ಹಾಗೆ ತೂತು ತೂತು.
ಹಾರೆ ಠಣ್ ಎಂದರೆ ಬೆಲ್ ಹೊಡೆಯಿತೆಂದು
ಒಂದನೇ ಕ್ಲಾಸಿನವು ಚೀಲ ಹೆಗಲಿಗೇರಿಸುತ್ತವೆ.

"ಮೊಳೆ! ಮೊಳೆ!" ಕೂಗಿದ ದಾದಾಪೀರ.
ಬೀಜವೇ ಹಾಕಿಲ್ಲ, ಮೊಳೆ ಎಲ್ಲಿಂದ?
ಆದರೂ ಓಡಿದೆವು,
ನಾಗವೇಣಿ ಟೀಚರ್ ನೆರಿಗೆ ಎತ್ತಿ ಹಿಡಿದು,
ನಾನು ಸೌಟಿನ ಸಮೇತ.
ಅವನ ಅಂಗೈಯಲ್ಲಿ ತುಕ್ಕು ಹಿಡಿದು ಬೆನ್ನು ಬಾಗಿದ
ಮೂರಿಂಚಿನ ಮೊಳೆ.

ಎಲ್ಲರೂ ನಕ್ಕೆವು. ಪಳನಿಯಪ್ಪ ನಗಲಿಲ್ಲ.
ಕಿಟ್ಟದ ಚೂರೊಂದನ್ನು ಬಿಸಿಲಿಗೆ ಹಿಡಿದು ತಿರುಗಿಸಿದರು,
ತಾನೇ ಬರೆದ ಹಳೇ ಕಾಗದ ಸಿಕ್ಕವರ ಹಾಗೆ.
"ಇದು ನಮ್ಮದೇ," ಎಂದರು, "ನಾವು ಎಸೆದದ್ದೇ."
ಮರುದಿನ ಜರಡಿ ತಂದು ಕೂತರು.
ಕೆಮ್ಮುತ್ತ ಜರಡಿ, ಜರಡಿ ನಿಲ್ಲಿಸಿ ಕೆಮ್ಮು.

ಸೋಸಿದರೂ ಮಣ್ಣು ಸಾಲದು.
"ತಲೆಗೊಂದು ಊಟದ ಡಬ್ಬಿ ತನ್ನಿ," ಎಂದರು ಟೀಚರ್.
ಬಂತು: ಹೊಳೆದಂಡೆಯ ಮೆಕ್ಕಲು, ತಾಂಡಾದ ಕೆಂಪು,
ಅಜ್ಜಿಯ ಕೈಲಿ ಬೈಸಿಕೊಂಡು ಮುರಿದ ಹುತ್ತ.
ಮೂರನೇ ಮಹಡಿಯ ಬಾಡಿಗೆ ಮನೆಯ ಪ್ರಣತಿಗೆ
ಮಣ್ಣೆಲ್ಲಿಂದ ಬರಬೇಕು?
ಒಣಗಿದ ತುಳಸಿಯ ಕುಂಡವನ್ನೇ
ಮೆಟ್ಟಿಲು ಮೆಟ್ಟಿಲಿಗೂ ಇಳಿಸಿ, ಕೂತು, ಮತ್ತೆ ಎತ್ತಿ
ಬೆಲ್ ಆದ ಮೇಲೆ ತಂದಳು.
ಅವತ್ತಿನಿಂದ ನಾನು ಅಕ್ಕಿ ತೊಳೆದ ನೀರು
ಚರಂಡಿಗೆ ಚೆಲ್ಲಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಪಾಸು ನಪಾಸು ಓದಿದ ದಿನ
ರಾತ್ರಿ ನೆನೆಸಿದ ಬೆಂಡೆಬೀಜ, ಮಗುವಿಗೆರಡು.
ಊರಿ, ಕೈ ಒರೆಸಿಕೊಂಡು ರಜೆಗೆ ಓಡಿದರು.
ಗೇಟಿನ ಬೀಗದ ಕೈ ನನಗೆ ಕೊಟ್ಟು ಟೀಚರ್
ಮುಖ ನೋಡದೆ, "ಆದರೆ..." ಎಂದರು.
ಆ ಒಂದು "ಆದರೆ"ಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು
ಮನೆಗೆ ಬಂದೆ.

ರಜೆಯಲ್ಲಿ ನನಗೆ ಸಂಬಳವಿಲ್ಲ.
ಬೆಂಡೆಗೆ ಅದು ಗೊತ್ತಿಲ್ಲ.

ಐದು ದಿನ ನೀರು ಹೊತ್ತೆ, ಬೈದುಕೊಂಡೇ ಹೊತ್ತೆ.
ಆರನೇ ಬೆಳಿಗ್ಗೆ ಬಾಗಿಲಲ್ಲಿ ದಾದಾಪೀರ:
"ಅಕ್ಕಾ, ಮೊಳೆ!"
"ಹೋಗೋ, ನಮ್ಮನೆ ಗೋಡೇಲೇ ಬೇಕಾದಷ್ಟಿವೆ."
ಅವನು ನಗಲಿಲ್ಲ. ಕೈ ಹಿಡಿದು ಎಳೆದ.
ಕಿಟ್ಟದ ಅಂಚು ಕಟ್ಟಿದ ಮಡಿಯಲ್ಲಿ
ಅದೇ ಬಾಗಿದ ಬೆನ್ನು,
ಆದರೆ ಹಸಿರು, ತಲೆಯ ಮೇಲಿನ್ನೂ ಸಿಪ್ಪೆಯ ಟೋಪಿ.
ಒಂದಲ್ಲ. ಎಣಿಸಲು ಕೂತವನು
ನಲವತ್ತಕ್ಕೆ ತಪ್ಪಿ ಮೊದಲಿಂದ ಶುರು ಮಾಡಿದ.

ಶಾಲೆ ತೆರೆದ ವಾರ ಒಂಬತ್ತು ಕಾಯಿ,
ನೂರನಲವತ್ತಮೂರು ತಟ್ಟೆ.
ಲೆಕ್ಕದ ಮೇಷ್ಟ್ರೂ ಭಾಗಿಸಲು ಹೋಗಲಿಲ್ಲ.
ಹುರಿದು ಸಾಂಬಾರಿಗೆ ಹಾಕಿದೆ.
ತರಕಾರಿಯನ್ನು ತಟ್ಟೆಯಂಚಿಗೆ ದೂಡುವ ಹುಡುಗರು
ಬೆರಳಾಡಿಸಿ ಹುಡುಕಿದರು, "ನಂದೆಲ್ಲಿ?"
ಆ ಹನ್ನೊಂದು ಜನ ಮತ್ತೆ ಬಂದರು. ಫೋಟೋ ಆಯಿತು.
ಚಹಾ ಕೊಟ್ಟೆ; ಅವರದ್ದೂ ಒಂದು ಹಾರೆಯಿತ್ತಲ್ಲ.

ಹತ್ತನೇ ಕಾಯಿ ಕೊಯ್ಯಲು ಬಿಡಲಿಲ್ಲ ಪಳನಿಯಪ್ಪ.
ಚಾಂದಬೀಯ ಹೂವಿನ ದಾರ ಅದಕ್ಕೆ ಕಟ್ಟಿ,
"ಬೀಜಕ್ಕಿರಲಿ. ಒಣಗಿ ಗಲಗಲ ಎನ್ನುವವರೆಗೆ
ಯಾರೂ ಮುಟ್ಟಬೇಡಿ."

ದಾದಾಪೀರ ದಿನಾ ಮುಟ್ಟುತ್ತಾನೆ.
ಕಿವಿ ಹತ್ತಿರ ಬಗ್ಗಿಸಿ, ಮೆಲ್ಲಗೆ ಅಲ್ಲಾಡಿಸುತ್ತಾನೆ.
ಕಿಟಕಿಯಿಂದ ಕಾಣುತ್ತದೆ.
ನಾನು ಕಂಡಿಲ್ಲ.