ಬಿರಬಿರನೆ ನಡೆಯುವವರು

ಮಂಡಕ್ಕಿ ಭಟ್ಟಿಯ ಹೊಗೆ ನುಗ್ಗುತ್ತದೆಂದು
ನಮ್ಮ ಎಂಟನೇ ಕ್ಲಾಸಿನ ಕಿಟಕಿ ಮುಚ್ಚಿಯೇ ಇರುತ್ತದೆ.
ಹಾಗಾಗಿ ಟಿವಿಗೆ ಬೇಕಾದ ಕತ್ತಲು
ನಮಗೆ ಪುಕ್ಕಟೆ.

ಟಿವಿಯೂ ಪುಕ್ಕಟೆಯೇ ಅನ್ನಿ.
ಅಂಚಿನಲ್ಲಿ ದಾನಿಗಳ ಹೆಸರಿದೆ,
ದಾವಣಗೆರೆಯ ಹತ್ತಿ ವ್ಯಾಪಾರದವರು, ತಂದೆಯ ಸ್ಮರಣಾರ್ಥ.
ರಿಮೋಟು ಮಾತ್ರ ಹೆಡ್‌ಮೇಡಂ ಬೀರುವಿನಲ್ಲಿ,
ಬೀರುವಿನ ಕೀ ಅವರ ಸೆರಗಿನ ಗಂಟಿನಲ್ಲಿ.
ರಾಷ್ಟ್ರನಾಯಕರನ್ನು ಸಹಿ ಹಾಕಿ ತರಬೇಕು,
ಸಹಿ ಹಾಕಿ ತಿರುಗಿ ಒಪ್ಪಿಸಬೇಕು.

ಬುಧವಾರ. ಊಟದ ನಂತರದ ಪೀರಿಯಡ್ಡು.
ಅನ್ನ ಸಾರಿನ ನಿದ್ದೆ ಎಲ್ಲರ ಕಣ್ಣಲ್ಲಿ.
ಪೆನ್‌ಡ್ರೈವ್ ಚುಚ್ಚಿದೆ.
ಗೀರು ಗೀರಾದ ಕಪ್ಪು ಬಿಳುಪಿನಲ್ಲಿ
ಒಬ್ಬರು ರೈಲು ಇಳಿದರು, ಕೈ ಮುಗಿದರು,
ಕೊರಳ ಹಾರ ತೆಗೆದು ಪಕ್ಕದವರಿಗೆ ಕೊಟ್ಟರು,
ನಡೆದೇಬಿಟ್ಟರು.

"ಯಾಕ್ ಮಿಸ್ ಇವ್ರು ಇಷ್ಟು ಬಿರಬಿರನೆ ನಡೀತಾರೆ?
ರೈಲು ತಪ್ಪತ್ತಾ?" ಕೊಟ್ರೇಶ.
"ಇಳ್ದಾರಲ್ಲೋ ರೈಲು!" ಹಿಂದಿನ ಬೆಂಚು.
ಹೇಳಿದೆ: ಆಗಿನ ಕ್ಯಾಮೆರಾ ಕೈಯಲ್ಲಿ ತಿರುಗಿಸುವುದು,
ಸೆಕೆಂಡಿಗೆ ಚಿತ್ರ ಕಡಿಮೆ. ಈಗಿನ ಯಂತ್ರ ಅದನ್ನು ಓಡಿಸುತ್ತದೆ.
ನಿಜವಾಗಿ ಅವರೂ ನಿಮ್ಮಜ್ಜನ ಹಾಗೆ
ನಿಧಾನ ನಡೆದವರೇ.
ಯಾರೂ ನಂಬಲಿಲ್ಲ.
ಕೊಟ್ರೇಶ ಎದ್ದು ಬಾಗಿಲ ತನಕ ಹಾಗೇ ನಡೆದು ತೋರಿಸಿದ.
ಕ್ಲಾಸು ನಕ್ಕಿತು. ನಾನೂ.

ಆಮೇಲೆ ಭಾಷಣ.
ತುಟಿ ಯಾವುದೋ ಭಾಷೆ, ದನಿ ಕನ್ನಡ.
"ಹೋದ ವಾರದವ್ರೂ ಇವ್ರೂ ಒಬ್ರೇನಾ ಮಿಸ್?"
ಅಲ್ಲ ಕಣೋ, ಅವರಿಗೆ ಕನ್ನಡಕ, ಇವರಿಗೆ ಪೇಟ.
"ದನಿ ಒಂದೇ ಐತಲ್ಲ."
ಹೌದಲ್ಲ!
ಐದು ವರ್ಷದಿಂದ ತೋರಿಸುತ್ತಿದ್ದೇನೆ, ಕೇಳಿಸಿರಲಿಲ್ಲ.
ಜೈಲಿಗೆ ಹೋದವರು, ಹೋಗದವರು,
ಒಬ್ಬರ ಮಾತನ್ನೊಬ್ಬರು ಒಪ್ಪದೆ
ಪುಟಗಟ್ಟಲೆ ಪತ್ರ ಬರೆದು ಜಗಳಾಡಿದವರು,
ಎಲ್ಲರ ಪರವಾಗಿ ಯಾವುದೋ ಸ್ಟುಡಿಯೋದ ಒಬ್ಬನೇ ಪುಣ್ಯಾತ್ಮ
ಶೀತ ನೆಗಡಿಯಿಲ್ಲದ ಗಂಟಲಲ್ಲಿ
ಮಾತಾಡಿ ಮುಗಿಸಿದ್ದಾನೆ.

ಮ್ಯೂಟ್ ಒತ್ತಿದೆ.
ಯಾಕೆ ಒತ್ತಿದೆನೋ.
ತೆರೆಯಲ್ಲಿ ಬಾಯಿ ಆಡುತ್ತಿತ್ತು,
ಹೊರಗೆ ಭಟ್ಟಿಯ ಜರಡಿಯ ಸದ್ದು.
ಹೇಳಿ ನೋಡೋಣ, ಏನಂತಿದ್ದಾರೆ ಇವರು?

"ಭಾರತ ಮಾತಾಕೀ" ಎಂದ ತಿಪ್ಪೇಶ, ಆಗಸ್ಟಿನ ಗಂಟಲಲ್ಲಿ.
"ಓಟು ಹಾಕ್ರಿ" ಇನ್ನೊಬ್ಬ.
ಮುಬೀನಾ ಎದ್ದಳು,
ನಸುಕಿನಲ್ಲಿ ಅಮ್ಮಿಯ ಜೊತೆ ಮಂಡಕ್ಕಿ ಚೀಲ ಹೊಲಿದು
ಜಡೆಯಲ್ಲಿ ಹೊಟ್ಟು ಇಟ್ಟುಕೊಂಡೇ ಶಾಲೆಗೆ ಬರುವವಳು.
ತುಟಿ ನೋಡಿ ನೋಡಿ
ಒಂದೊಂದೇ ಮಾತು ಹೊಂದಿಸಿದಳು:
"ಬಿಸ್ಲಾಗೆ ಯಾಕ್ ನಿಂತೀರಿ... ಕೂತ್ಕಳ್ರಿ...
ನೀರು... ಹಿಂದಿನೋರಿಗೂ ಬಂತಾ ನೀರು..."
ಅಷ್ಟರಲ್ಲಿ ಅವಳಿಗೆ ಕೆಮ್ಮು.
ಅದೇ ಹೊತ್ತಿಗೆ ತೆರೆಯ ಮೇಲೆ ಅವರೂ
ಕರವಸ್ತ್ರ ಬಾಯಿಗೆ ಒತ್ತಿಕೊಂಡರು.

ಪುಸ್ತಕದಲ್ಲಿ ಅದಿಲ್ಲ.

"ಅಲ್ಲೇ ನಿಲ್ಸಿ ಮಿಸ್."
ನಿಲ್ಲಿಸಿದೆ. ನಾಯಕರ ಭುಜದ ಹಿಂದೆ
ಹೂಜಿ ಹಿಡಿದ ಹುಡುಗ, ಅಂಗಿಗೆ ಎರಡೇ ಗುಂಡಿ,
ಭಾಷಣ ಬಿಟ್ಟು ನಮ್ಮನ್ನೇ ನೋಡುತ್ತಿದ್ದಾನೆ.
"ಇವನ ಹೆಸರೇನು?"
ಗೊತ್ತಿಲ್ಲ ಎಂದೆ.
ಹೆಸರು ಎಂದು ಬರೆದು, ಅದರ ಮುಂದೆ
ಗೊತ್ತಿಲ್ಲ ಎಂದು ಬರೆದುಕೊಂಡಳು.

ಮುಂದಿನ ಬುಧವಾರ ಕಿರುಪರೀಕ್ಷೆ.
ಹುಟ್ಟಿದ್ದು, ತೀರಿಕೊಂಡಿದ್ದು, ನಡುವೆ ಮಾಡಿದ್ದು: ಮೂರು ಅಂಕ.
ಇಸವಿ ತಪ್ಪಿದವರೇ ಜಾಸ್ತಿ.
ಕೊಟ್ರೇಶ ಇಸವಿಯ ಗೋಜಿಗೇ ಹೋಗಿರಲಿಲ್ಲ:
'ಇವರು ನಿಧಾನವಾಗಿ ನಡೆಯುತ್ತಿದ್ದರು.
ನಮಗೆ ಹಾಗೆ ಕಾಣಿಸುವುದಿಲ್ಲ.'
ಕೆಂಪು ಪೆನ್ನು ಹಿಡಿದು ಕೂತೆ.
ಅರ್ಧ ಅಂಕ ಹಾಕಿ, ಹೊಡೆದು ಹಾಕಿ, ಒಂದು ಮಾಡಿ,
ಅದರ ಮೇಲೂ ಪೆನ್ನು ಆಡಿಸುವಾಗ
ಬೆಲ್ಲು ಹೊಡೆಯಿತು.
ರಿಮೋಟು ಹಿಡಿದು
ಆಫೀಸಿನ ತನಕ ನಾನೂ
ಬಿರಬಿರನೆ.