ಹದಿನೆಂಟು ನಿಮಿಷ

ಕ್ಲೈಪೆಡಾ ಬಂದರಿನಲ್ಲಿ ಹೋದ ವರ್ಷ
ಹಡಗುಗಳನ್ನು ದಡ ಸೇರಿಸುವ ಪೈಲಟ್ಟುಗಳ ಸಮ್ಮೇಳನ.
ಮೂರು ದಿನ, ನಲವತ್ತೊಂದು ಭಾಷಣ,
ಕಿಟಕಿಯೇ ಇಲ್ಲದ ಸಭಾಂಗಣ.
ವೇಳಾಪಟ್ಟಿ ಹೆಣೆದವಳು ನಾನೇ, ವೈದೋತಾ.
ಚೌಕಕ್ಕೆ ಚೌಕ ಕೂಡಿಸಿ
ಸೂಜಿ ತೂರಲೂ ಜಾಗ ಬಿಟ್ಟಿರಲಿಲ್ಲ,
ಅದೊಂದು ಹೆಮ್ಮೆ ಬೇರೆ.

ಪುಂಟಾ ಅರೆನಾಸಿನಿಂದ ಬಂದರು ಎವಾರಿಸ್ತೊ ಮಾನ್ಸಿಯಾ.
ನಾಲ್ಕು ವಿಮಾನ, ಮೂವತ್ತೇಳು ಗಂಟೆ,
ಒಂದು ಮೊಣಕಾಲು ಬಾತುಕೊಂಡಿತ್ತು.
ನಾವು ಕೊಟ್ಟದ್ದು ಹದಿನೆಂಟು ನಿಮಿಷ,
ಅದೂ ಊಟವಾದ ಮೇಲಿನದು,
ಅರ್ಧ ಸಭೆ ಹೊಟ್ಟೆಯ ಮೇಲೆ ಕೈಯಿಟ್ಟು
ಕಣ್ಣು ತೆರೆದೇ ತೂಕಡಿಸುವ ಹೊತ್ತು.

"ಗಾಳಿ ತಿರುಗುವ ಮೊದಲು ನೀರು..."
ಎಂದರು.
ಕೆಂಪು ದೀಪ ಹತ್ತಿತು.
ಒತ್ತಿದ ಬೆರಳು ನನ್ನದು.
ಚಪ್ಪಾಳೆ, ಮರದ ಹಡಗಿನ ಗೊಂಬೆ, ಫೋಟೊ,
ಮುಂದಿನವರು ಆಗಲೇ ಮೆಟ್ಟಿಲ ಮೇಲೆ.

ಹೊಳೆಯನ್ನೇ ಮನೆಬಾಗಿಲಿಗೆ ಕರೆಸಿ
ಬಾಯಿ ಮುಕ್ಕಳಿಸಿ ಕಳಿಸಿದ ಹಾಗೆ.

ಆಮೇಲೆ ಎರಡೂವರೆ ದಿನ
ಕೊರಳಲ್ಲಿ ಹೆಸರಿನ ಚೀಟಿ ತೂಗಿಸಿಕೊಂಡು
ಹಿಂದಿನ ಸಾಲಿನಲ್ಲಿ ಕೂತಿದ್ದರು.
ಯಾರಿಗೂ ಬೇಡವಾದ ಹೊತ್ತು ಅವರ ಬಳಿ ರಾಶಿ ರಾಶಿ.
ನನ್ನ ಪಟ್ಟಿಯಲ್ಲಿ ಮಾತ್ರ
ಅವರ ಹೆಸರಿನ ಮುಂದೆ ಹಸಿರು ಗುರುತು: ಮುಗಿಯಿತು.

ಕೊನೆಯ ರಾತ್ರಿ ಕುರ್ಚಿ ಎಣಿಸಲು ಹೋದೆ.
ಅಡುಗೆಮನೆಯ ಬಾಗಿಲ ಬಳಿ
ಲೀಪಾಯದ ತರಬೇತಿ ಹುಡುಗ ಊಲ್ಡಿಸ್
ಬಗ್ಗಿ ನಿಂತಿದ್ದ.
ಮಾನ್ಸಿಯಾ ಸಕ್ಕರೆ ಗಡ್ಡೆಗಳಲ್ಲಿ ದಕ್ಕೆ ಕಟ್ಟಿದ್ದರು.
ಚಮಚ ಹಡಗು, ಚೆಲ್ಲಿದ ಚಹಾ ಉಬ್ಬರ.
"ಈಗ ಎಂಜಿನ್ ನಿಂತಿತು ಅಂತಿಟ್ಟುಕೊ. ಏನು ಮಾಡ್ತಿ?"
ಹುಡುಗ ಚಮಚ ತಿರುಗಿಸಿದ.
ದಕ್ಕೆ ಕುಸಿಯಿತು.
"ಸರಿ, ಮುಳುಗಿಸಿದೆ. ಇನ್ನೊಮ್ಮೆ."
ಒಂದೂ ಮುಕ್ಕಾಲರ ತನಕ, ಇನ್ನೊಮ್ಮೆ.
ಕುರ್ಚಿ ಎಣಿಸುವುದು ಮರೆತೇಹೋಯಿತು.

ಈ ವರ್ಷದ ಪಟ್ಟಿ ಮಾಡುವಾಗ ಪತ್ರ ಬರೆದೆ:
ನಿಮಗೇನು ಬೇಕು?
(ಹನ್ನೊಂದು ವರ್ಷದಲ್ಲಿ ಯಾವ ಭಾಷಣಕಾರರನ್ನೂ
ಇದೊಂದು ಕೇಳಿರಲಿಲ್ಲ.
ಸಸ್ಯಾಹಾರವೋ ಮಾಂಸಾಹಾರವೋ, ಅಷ್ಟೇ.)
ಉತ್ತರ ಬಂತು:
ಒಂದು ಮೇಜು. ಬಂದರು ಕಾಣುವ ಕಿಟಕಿ.
ದಕ್ಕೆಗೆ ಡಿಕ್ಕಿ ಹೊಡೆದ ಆರು ಮಂದಿ.

ನಿರ್ದೇಶಕರು ಹುಬ್ಬು ಗಂಟಿಕ್ಕಿದರು:
ಆರೇ ಮಂದಿಗೆ ಅಷ್ಟು ದೂರದ ಟಿಕೆಟ್ಟೆ?
ಇನ್ನೂರೈವತ್ತು ಜನ ನಿದ್ದೆ ಮಾಡಿದ್ದಕ್ಕೆ
ಕೊಟ್ಟೆವಲ್ಲ, ಅದೇ ಟಿಕೆಟ್ಟು, ಎಂದೆ.
ಹದಿನೇಳು ಭಾಷಣ ಕಿತ್ತೆ. ಬೈಸಿಕೊಂಡೆ.
ಕಿತ್ತದ್ದರಲ್ಲಿ ಒಂದೆರಡು ಒಳ್ಳೆಯವೂ ಇದ್ದವು,
ಸುಳ್ಳೇಕೆ ಹೇಳಲಿ.

ಮೊದಲ ಗಂಟೆ ಮೇಜಿನ ಸುತ್ತ ಯಾರೂ ಬಾಯಿ ಬಿಡಲಿಲ್ಲ.
ಡಿಕ್ಕಿಯೇ? ನಾವೇ? ಎಲ್ಲರ ಮುಖದಲ್ಲೂ ಶುದ್ಧ ಚಾರಿತ್ರ್ಯ.
ಮಾನ್ಸಿಯಾ ತಮ್ಮದೇ ಮೂರು ಹೇಳಿದರು,
ಮೂರನೆಯದರಲ್ಲಿ ಒಬ್ಬ ಹಗ್ಗದಾಳಿನ ಕಾಲು ಹೋದದ್ದನ್ನೂ.
ಆಗ ರೊಸ್ಟಾಕಿನ ದಪ್ಪ ಮೀಸೆಯವರು
ಕನ್ನಡಕ ತೆಗೆದಿಟ್ಟರು.
"ಎರಡು ಸಾವಿರದ ಒಂಬತ್ತು, ಮಂಜು," ಎಂದರು, ಹೆಂಡತಿಗೂ ಹೇಳದ್ದು.
ನಾನು ಬಾಗಿಲು ಹಾಕಿಕೊಂಡು ಹೊರಬಂದೆ.
ಕೆಂಪು ದೀಪದ ಪೆಟ್ಟಿಗೆ ಉಗ್ರಾಣದಲ್ಲೇ ಇತ್ತು.

ಸಂಜೆ ಧೈರ್ಯ ಮಾಡಿ ಕೇಳಿದೆ:
ಹೋದ ವರ್ಷ ನಾನು ತುಂಡರಿಸಿದ ಆ ವಾಕ್ಯ,
ಗಾಳಿ ತಿರುಗುವ ಮೊದಲು ನೀರು... ಏನು ಮಾಡುತ್ತದೆ?
ನಕ್ಕರು. "ಅದರ ಮುಂದೆ ಏನೂ ಇರಲಿಲ್ಲ.
ಅಲ್ಲಿ ನಿಲ್ಲಿಸಿ ಸಭೆಯನ್ನೇ ಕೇಳೋಣ ಅಂತಿದ್ದೆ.
ನಮ್ಮ ಕಡಲು ನನಗೆ ಗೊತ್ತು. ನಿಮ್ಮದು?"

ನನಗೆ ಹಡಗಿನ ಗಂಧವಿಲ್ಲ, ಎಂದೆ.
"ಹುಟ್ಟಿದ್ದು ಇಲ್ಲೇ ತಾನೆ?"

ನೆನಪಾಯಿತು. ಹಿನ್ನೀರಿನಾಚೆ ನಮ್ಮಜ್ಜಿ
ಮೀನು ಹೊಗೆಗಿಡುತ್ತಿದ್ದವಳು ಥಟ್ಟನೆ ಎದ್ದು
ಪಡುವಣ ಕಿಟಕಿ ಮುಚ್ಚುತ್ತಿದ್ದಳು,
ಎಲೆಯೊಂದೂ ಅಲುಗದಿದ್ದಾಗ.
ಗಾಳಿ ಬರುತ್ತಿದ್ದುದು ಆಮೇಲೆ.
ಹೇಗೆ ತಿಳಿಯುತ್ತಿತ್ತೋ, ಕೇಳಲಿಲ್ಲ.
ದಡದ ನೊರೆ ಹಿಂದಕ್ಕೆ ಹೋಗುತ್ತೆ ಅನ್ನುತ್ತಿದ್ದಳೇನೋ.

ಮಾನ್ಸಿಯಾ ಜೇಬು ತಡಕಿ
ಮೊಂಡು ಪೆನ್ಸಿಲೊಂದು ತೆಗೆದರು.
"ನಿಧಾನ," ಎಂದರು, "ನೊರೆ ಎಲ್ಲಿಂದ ಎಲ್ಲಿಗೆ?"