ತಲೆಯೆಣಿಕೆ

ಗೋರ್ಗಾನ್ ಬಿಟ್ಟಾಗ ರಾತ್ರಿ ಒಂಬತ್ತು.
ಮಿನಿಬಸ್ಸಿನ ತುಂಬ ಬೆವರು, ಕಿತ್ತಳೆ ಸಿಪ್ಪೆ,
ಒದ್ದೆ ಟವೆಲ್ಲು, ಮೂರು ಪದಕ.
ಐವತ್ತೇಳು ಕಿಲೋದಲ್ಲಿ ಚಿನ್ನ ಗೆದ್ದ ಪೂರಿಯಾ
ಹಿಂದಿನ ಸೀಟಿನಲ್ಲಿ ಅರಸನ ಹಾಗೆ ಕಾಲು ಚಾಚಿದ್ದ.
ನಾನು ಮುಂದೆ, ಡ್ರೈವರ್ ನುಸ್ರತನ ಪಕ್ಕ,
ಅವನು ಗೆದ್ದ ಪಟ್ಟನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹಾಕುತ್ತ,
ತೊಡೆಯ ಮೇಲಿನ ಕಪ್ಪನ್ನು
ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡುತ್ತ.

ನಮ್ಮ ಗರಡಿಯ ಗೋಡೆಗೆ ನಾನೇ ಬರೆಸಿದ್ದು,
ಮೊಳದುದ್ದದ ಹಸಿರು ಅಕ್ಷರ:
ಇಲ್ಲಿ ಎಲ್ಲರೂ ಅಣ್ಣತಮ್ಮಂದಿರು.
ಬಣ್ಣಕ್ಕೆ ಕೊಟ್ಟ ದುಡ್ಡು ಇನ್ನೂ ನೆನಪಿದೆ.
ಹುಡುಗರು ಅದನ್ನು ಓದುತ್ತಿರಲಿಲ್ಲ,
ಅದರ ಕೆಳಗೆ ಷೂ ಬಿಡುತ್ತಿದ್ದರು.

ಬೆಹ್‌ಶಹರ್ ದಾಟಿತ್ತು. ಎಡಕ್ಕೆ ಬೆಟ್ಟ ಕತ್ತಲಲ್ಲಿ ಕತ್ತಲು.
ಬಲಕ್ಕೆ ಎಲ್ಲೋ ಸಮುದ್ರ ಎಂದು
ಕಿಟಕಿಯ ಸಂದಿಯ ಗಾಳಿಯಷ್ಟೇ ಹೇಳುತ್ತಿತ್ತು.
ಆಗ ಇಲಿಯಾರ್,
ಮೂವತ್ತೆಂಟು ಕಿಲೋದ ಹುಡುಗ,
ವರ್ಷವಿಡೀ ಒಂದೂ ಕುಸ್ತಿ ಗೆಲ್ಲದವನು,
ಮ್ಯಾಟು ಒರೆಸುವ ಬಟ್ಟೆ ಹಿಂಡುವುದರಲ್ಲಿ ಮಾತ್ರ ನಿಸ್ಸೀಮ,
ಸೀಟು ಸೀಟು ಹಿಡಿದು ಬಂದು ನನ್ನ ಭುಜ ತಟ್ಟಿದ:
"ಉಸ್ತಾದ್, ಈ ಜಾಕೆಟ್ಟಿನೊಳಗೆ ಯಾರೂ ಇಲ್ಲ."

ಮಾಹ್ಯಾರನದು.
ಬೆಳಿಗ್ಗೆ ನಲವತ್ತು ಸೆಕೆಂಡಿನಲ್ಲಿ ಚಿತ್ ಆದವನು.
ತಲೆತಗ್ಗಿಸಿ ಮ್ಯಾಟಿನಿಂದ ಇಳಿದು ಬಂದವನಿಗೆ
'ತಿಂದ ಅನ್ನ ದಂಡ' ಎಂದಿದ್ದೆ.
ಎಲ್ಲರೂ ನಕ್ಕಿದ್ದರು.
ನಗು ನಾನು ಕಲಿಸಿದ್ದು,
ಎದುರಾಳಿಯ ಮೊಣಕಾಲಿಗೆ ಹೇಗೆ ನುಗ್ಗಬೇಕೆಂದು
ಕಲಿಸಿದಷ್ಟೇ ಚೆನ್ನಾಗಿ.

ಬಸ್ಸು ತಿರುಗಿತು.
ನುಸ್ರತ್ ಡೀಸೆಲ್ಲಿನ ಲೆಕ್ಕ ಹೇಳಿ ಗೊಣಗಿದ.
ಪೂರಿಯಾ ಕಾಲು ಮಡಚಿಕೊಂಡ.
ಇಲಿಯಾರ್ ಮಾತ್ರ ದಾರಿಯುದ್ದಕ್ಕೂ
ಆ ಜಾಕೆಟ್ಟನ್ನು ತೊಡೆಯ ಮೇಲೆ ಬೆಚ್ಚಗಿಟ್ಟುಕೊಂಡಿದ್ದ,
ನಾನು ಕಪ್ಪನ್ನು ಇಟ್ಟುಕೊಂಡಂತೆಯೇ.
ಅದನ್ನು ನೋಡಿದೆ.
ನೋಡಿ, ಕಪ್ಪನ್ನು ಕಾಲ ಬುಡಕ್ಕೆ ಇಳಿಸಿದೆ.

ಕ್ರೀಡಾಂಗಣದ ದೀಪ ಆರಿತ್ತು.
ಗೇಟಿನ ಪಕ್ಕ ಕಾವಲುಗಾರನ ಕೋಣೆಯಲ್ಲಿ
ಅವನ ಹಳೇ ಕೋಟು ಹೊದ್ದು ಮಾಹ್ಯಾರ್ ಕೂತಿದ್ದ,
ಚಹಾಕ್ಕೆ ಸಕ್ಕರೆಗಟ್ಟಿ ಒಡೆದು ಕೊಡುತ್ತ.
ನಮ್ಮನ್ನು ಕಂಡು ಥಟ್ಟನೆ ಎದ್ದು ನಿಂತ:
"ಏನಾದರೂ ಮರೆತು ಹೋದಿರಾ, ಉಸ್ತಾದ್?"

ಕೊಂಕು ಇರಲಿಲ್ಲ ಅದರಲ್ಲಿ.
ತನ್ನನ್ನು ಮರೆತಿರಬಹುದು ಎಂಬುದು
ಅವನಿಗೆ ಹೊಳೆದಿರಲಿಲ್ಲ;
ತಾನಾಗಿ ಬಿಟ್ಟು ಹೋದರು, ಸೋತವನಿಗೆ ಅದೇ ಸರಿ
ಎಂದುಕೊಂಡಿದ್ದ.

"ಹೌದು" ಎಂದೆ.
ಮುಂದಿನ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು.
ನಲವತ್ತು ವರ್ಷ ಪಟ್ಟು ಹಾಕಿದ ಮೈ,
ಬಾಗುವ ಪಟ್ಟೊಂದು ಗೊತ್ತಿರಲಿಲ್ಲ.

ಮರುವಾರ ಸೀಟಿಯನ್ನು ಇಲಿಯಾರನ ಕೊರಳಿಗೆ ಹಾಕಿದೆ.
ತಂಡಕ್ಕೆ ಇನ್ನು ಇವನು ನಾಯಕ ಎಂದೆ.
ಪೂರಿಯಾ ಏನೂ ಅನ್ನಲಿಲ್ಲ.
ತಿಂಗಳೊಳಗೆ ಬಾಬೋಲಿನ ದೊಡ್ಡ ಕ್ಲಬ್ಬು ಸೇರಿದ.
ಅವನ ಚಿನ್ನಗಳು ಈಗ ಅವರ ಗಾಜಿನ ಕಪಾಟಿನಲ್ಲಿವೆ.
ಒಮ್ಮೊಮ್ಮೆ ರಾತ್ರಿ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ.

ಗೋಡೆಯ ಹಸಿರು ಅಕ್ಷರ
ಥಂಡಿ ಹಿಡಿದು ಎದ್ದು ಬರುತ್ತಿದೆ.
'ಅಣ್ಣ' ಹೋಗಿ 'ತಮ್ಮ' ಉಳಿದಿದೆ.
ಮತ್ತೆ ಬರೆಸಲಿಲ್ಲ.

ಈಗ ಬಸ್ಸು ಹೊರಡುವ ಮುಂಚೆ
ಇಲಿಯಾರ್ ನಡುವೆ ನಡೆದು ಬರುತ್ತಾನೆ.
ಬೆರಳು ತೋರಿಸಿ ಎಣಿಸುವುದಿಲ್ಲ,
ಒಂದೊಂದು ತಲೆಯನ್ನೂ ಅಂಗೈಯಿಂದ ಮುಟ್ಟುತ್ತಾನೆ:
ಗೆದ್ದ ತಲೆ, ಸೋತ ತಲೆ,
ಕಿವಿ ಹಿಸುಕಿ ಊದಿದ ತಲೆ,
ನಿದ್ದೆಗೆ ವಾಲಿದ ಮಾಹ್ಯಾರನ ತಲೆ.
ಕೊನೆಗೆ ಮುಂದೆ ಬಂದು
ನನ್ನ ಬೋಳುತಲೆಯ ಮೇಲೆ ಕೈಯಿಟ್ಟು
"ಹತ್ತೊಂಬತ್ತು" ಎನ್ನುತ್ತಾನೆ.

ಆಮೇಲೆ ನುಸ್ರತನಿಗೆ: "ಬಿಡಿ ಗಾಡಿ."